ಚೀಲದ ತಳವೂ ಆರಿದ್ರಾ ಮಳೆಯೂ

ನಮ್ಮ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಮೊದಲ ಸಲ ಬಟ್ಟೆ ಚೀಲ ಮಾರಲು ಕೂತಾಗ ಪ್ರತಿ ಚೀಲದ ತಳಕ್ಕೂ ಹಣ್ಣಿನ ಅಂಗಡಿಯ ಸೇಬಿನ ಬಾಕ್ಸಿನ ರಟ್ಟು ಹಾಕಿದ್ದೆ. ಖರ್ಚು ಸೊನ್ನೆ. ಟೇಬಲ್ ಮೇಲೆ ಇಟ್ಟರೆ ಚೀಲ ನೆಟ್ಟಗೆ ನಿಲ್ಲುತ್ತಿತ್ತು. ಜನ ಒಳಗೆ ಕೈ ಹಾಕಿ, ತಳ ಒತ್ತಿ ನೋಡಿ, "ಗಟ್ಟಿ ಇದೆ ಕಣೇ" ಅಂತ ಪಕ್ಕದವರಿಗೆ ಹೇಳಿ ಕೊಂಡುಕೊಂಡು ಹೋದರು. ನಾನು ಒಳಗೊಳಗೇ ಬೀಗಿದೆ.

ಆರು ತಿಂಗಳು ಯಾರೂ ತುಟಿ ಪಿಟಕ್ ಅನ್ನಲಿಲ್ಲ. ಮೃಗಶಿರ ಮಳೆ ಹೋಗಿ ಆರಿದ್ರಾ ಹಿಡಿಯಿತು ನೋಡಿ, ಶುರುವಾಯಿತು.

ಮೊದಲು ಬಂದವರು ದಿನಾ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡುವ ಟೀಚರ್ ಒಬ್ಬರು. ಮಳೆಗಾಲದಲ್ಲಿ ನಮ್ಮ ಕಡೆ ಬಸ್ಸಿನ ನೆಲ ಹೇಗಿರುತ್ತದೆ ಅಂತ ಗೊತ್ತಲ್ವಾ? ಎಲ್ಲರ ಕೊಡೆಯ ನೀರೂ ಅಲ್ಲೇ. ಆ ನೀರಿನ ಮೇಲೆ ಚೀಲ ಇಟ್ಟುಕೊಂಡು ಒಂದೂವರೆ ಗಂಟೆ ಕೂತಿದ್ದಾರೆ. ಲೈನಿಂಗ್ ಬಿಚ್ಚಿದೆ. ರಟ್ಟು ಪದರ ಪದರವಾಗಿ ಬಿಟ್ಟುಕೊಂಡು, ಮುಟ್ಟಿದರೆ ಹಿಟ್ಟಿನ ಮುದ್ದೆ ಹಾಗಿತ್ತು. ಬಿಳಿ ಬಟ್ಟೆಯ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ. ಮುಗ್ಗಲು ವಾಸನೆ ಬೇರೆ. "ಹೊಲಿಗೆ ಎಲ್ಲಾ ಚೆನ್ನಾಗಿದೆ, ಒಳಗೆ ಎಂತ ಹಾಕಿದ್ದು ಮಾರಾಯ್ರೆ?" ಅಂದರು ಅವರು. ಬೈದಿದ್ದರೇ ವಾಸಿ ಇತ್ತು.

ತಪ್ಪು ಎರಡು ಆಗಿತ್ತು. ರಟ್ಟು ಹಾಕಿದ್ದು ಒಂದು. ಅದನ್ನು ತೆಗೆಯೋಕೆ ಬರದ ಹಾಗೆ ಲೈನಿಂಗ್ ಮತ್ತು ಹೊರಬಟ್ಟೆಯ ನಡುವೆ ಇಟ್ಟು ಸುತ್ತ ಹೊಲಿದುಬಿಟ್ಟಿದ್ದು ಇನ್ನೊಂದು. ಈಗ ಯೋಚಿಸಿದರೆ ಎರಡನೆಯದೇ ದೊಡ್ಡದು. ಚೀಲ ಅಂದಮೇಲೆ ಒಗೆಯಲೇಬೇಕು, ಒಗೆದರೆ ತಳ ಒದ್ದೆ ಆಗಲೇಬೇಕು. ಇಷ್ಟು ಸಣ್ಣ ವಿಷಯ ಹೊಲಿಯುವಾಗ ಹೊಳೆದಿರಲಿಲ್ಲ.

ಆ ಮಳೆಗಾಲ ಪೂರ್ತಿ ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ನೋಡಿದೆ. ಪರೀಕ್ಷೆ ಮಾಡೋಕೆ ನನ್ನದೇ ಒಂದು ಉಪಾಯ. ಎರಡು ಇಟ್ಟಿಗೆ, ನಡುವೆ 10 ಇಂಚು ಜಾಗ. ಅದರ ಮೇಲೆ ತುಂಡನ್ನು ಸೇತುವೆ ಹಾಗೆ ಇಟ್ಟು ಮಧ್ಯಕ್ಕೆ ಅರ್ಧ ಕೆಜಿ ಸಕ್ಕರೆ ಪ್ಯಾಕೆಟ್. ಎಷ್ಟು ಬಗ್ಗುತ್ತದೆ ಅಂತ ನೋಡುವುದು. ಆಮೇಲೆ ಅದೇ ತುಂಡನ್ನು ಒದ್ದೆ ಗೋಣಿಯ ಮೇಲೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ನೋಡುವುದು.

ಒಣಗಿದ್ದಾಗ ಗೆದ್ದಿದ್ದು ಯಾವುದು ಹೇಳಿ? ರಟ್ಟೇ. ಕೂದಲೆಳೆಯಷ್ಟು ಬಗ್ಗಿತು ಅಷ್ಟೇ. ಅದಕ್ಕೇ ಜಾತ್ರೆಯಲ್ಲಿ ಎಲ್ಲರೂ ಮೋಸ ಹೋಗಿದ್ದು, ನಾನೂ ಸೇರಿ. ರಟ್ಟಿನ ಒಳಗಿನ ಅಲೆಗಳು ತಳದ ಉದ್ದಕ್ಕೆ ಓಡುವ ಹಾಗೆ ಕತ್ತರಿಸಬೇಕು. ಅಡ್ಡ ಬಂದರೆ ಅಲೆಯ ಗೆರೆಯಲ್ಲೇ ಮಡಚಿಕೊಳ್ಳುತ್ತದೆ. ಇಷ್ಟು ನೋಡಿಕೊಂಡರೆ ಪುಕ್ಕಟೆ ಸಿಗುವ ವಸ್ತುವಿನಲ್ಲಿ ಅದಕ್ಕಿಂತ ಬಿಗಿಯಾದದ್ದು ನನಗೆ ಸಿಗಲಿಲ್ಲ. ಬೆಳಿಗ್ಗೆ ಗೋಣಿಯಿಂದ ಎತ್ತಿದಾಗ ಮಾತ್ರ ಸಕ್ಕರೆ ಇಡೋದಕ್ಕೂ ಮುಂಚೆ ಜೋತು ಬಿತ್ತು.

ನಮ್ಮ ಅತ್ತೆ ಇದನ್ನೆಲ್ಲ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಂದು ದಿನ, "ತೋಟದಲ್ಲಿ ಅಷ್ಟು ಹಾಳೆ ಬಿದ್ದು ಹಾಳಾಗ್ತದೆ, ಅದನ್ನ ಇಟ್ಟು ನೋಡು" ಅಂದರು. ಅಡಿಕೆ ಹಾಳೆ! ಹಾಳೆಯಲ್ಲಿ ಟೊಪ್ಪಿ ಮಾಡ್ತಾರೆ, ಊಟದ ತಟ್ಟೆ ಮಾಡ್ತಾರೆ, ಚೀಲದ ತಳ ಯಾಕಾಗಬಾರದು? ಹಾಳೆಯ ನಡುಭಾಗ ದಪ್ಪ, ಅಂಚಿಗೆ ಹೋದ ಹಾಗೆ ತೆಳು. ಹಾಗಾಗಿ ಒಂದು ಹಾಳೆಗೆ ಒಂದೇ ಒಳ್ಳೆ ತುಂಡು. ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಕಡಪ ಕಲ್ಲಿನ ಅಡಿ ಇಟ್ಟು, ಮೇಲೆ ರುಬ್ಬುವ ಗುಂಡು ಹೇರಿ ಎರಡು ದಿನ ಬಿಟ್ಟೆ. ಚಪ್ಪಟೆ ಆಯಿತು. ನಾರು ಉದ್ದಕ್ಕೆ ಓಡುವುದರಿಂದ ಸಕ್ಕರೆ ಪರೀಕ್ಷೆಯಲ್ಲಿ ಜಗ್ಗಲೇ ಇಲ್ಲ. ತೂಕ ಇಲ್ಲ, ನೋಡೋಕೆ ಚಂದ, ಹೇಳಿಕೊಳ್ಳೋಕೂ ಚಂದ. ಇದನ್ನೇ ಎಲ್ಲಾ ಚೀಲಕ್ಕೂ ಹಾಕಿ ಹೆಸರು ಮಾಡೋಣ ಅಂತ ಕನಸು ಕಂಡೆ.

ಕನಸು ಒಂದು ವಾರ ಇತ್ತು. ಮಳೆಗಾಲದ ಗಾಳಿಗೇ ಹಾಳೆ ತನ್ನ ಹಳೆ ಬುದ್ಧಿಗೆ ಮರಳಿತು. ಎರಡು ಅಂಚೂ ಮೇಲೆದ್ದು ದೋಣಿ ಹಾಗೆ ಆಯಿತು. ಎರಡು ತುಂಡನ್ನು ಬೆನ್ನಿಗೆ ಬೆನ್ನು ಇಟ್ಟು ದಾರದಲ್ಲಿ ಹೊಲಿದೆ. ಸುರುಳಿ ನಿಂತಿತು, ಆದರೆ ನಾರಿನ ಉದ್ದಕ್ಕೂ ಸೀಳು ಬಿಟ್ಟಿತು. ಹದಿನೈದು ದಿನಕ್ಕೆ ಬೂಷ್ಟು. ಕಪ್ಪು ಚುಕ್ಕೆ ಬಟ್ಟೆಗೂ ಇಳಿಯಿತು. ಅತ್ತೆ ಚೀಲ ನೋಡಿದರು, ನನ್ನ ಮುಖ ನೋಡಿದರು. "ಅಟ್ಟದ ಮೇಲೆ ಇಟ್ಟಿದ್ರೆ ಆಗ್ತಿತ್ತು" ಅಂದರು. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಹಾಳೆ ವರ್ಷಗಟ್ಟಲೆ ಉಳಿಯುತ್ತದೆ, ಸರಿ. ಚೀಲ ಕೊಂಡವರಿಗೆಲ್ಲ ಅಟ್ಟ ಎಲ್ಲಿಂದ ತರೋಣ? ಬೇಸಿಗೆಯ ಬಯಲುಸೀಮೆಯಲ್ಲಿ ಹಾಳೆಯ ತಳ ಬಾಳಿಕೆ ಬಂದೀತೇನೋ. ನಮ್ಮಲ್ಲಿ ಆಗದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಕ್ರಂ ಗಂಜಿ ಹಾಕಿ ಬಿಗಿ ಮಾಡಿದ ಬಟ್ಟೆ, ಎರಡು ಸಲ ಒಗೆದರೆ ಗಂಜಿ ಹೋಯಿತು, ಬಿಗಿಯೂ ಹೋಯಿತು. ಚೀಲದ ಪಕ್ಕಕ್ಕೆ, ಹಿಡಿಕೆಗೆ ಪರವಾಗಿಲ್ಲ, ತಳಕ್ಕೆ ಬೇಡ. ಫೋಮ್ ಶೀಟು ಮೆತ್ತಗೆ, ಲ್ಯಾಪ್‌ಟಾಪಿಗೆ ಒಳ್ಳೆಯದು, ಭಾರ ಹೊರಲ್ಲ. ಹಾರ್ಡ್‌ಬೋರ್ಡ್ ಬಿಗಿಯಾಗಿದೆ, ನೀರು ಕುಡಿದರೆ ಉಬ್ಬುತ್ತದೆ, ಖಾಲಿ ಚೀಲವೇ ಭಾರ ಅನ್ನಿಸುತ್ತದೆ. ಹಳೆ ಫ್ಲೆಕ್ಸ್ ಎಷ್ಟು ಮಡಿಕೆ ಮಾಡಿದರೂ ಬಳುಕುವುದು ಬಿಡಲ್ಲ. 2016ರಲ್ಲೇ ನಮ್ಮ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧ ಆಗಿದೆ, ಆದರೂ ನನಗೆ ತುಂಡಿಗೆ ಕೊರತೆ ಆಗಲಿಲ್ಲ ಅನ್ನೋದು ಬೇರೆ ಮಾತು.

ಎಕ್ಸ್‌ರೇ ಫಿಲ್ಮಿನ ಕಥೆ ಮಾತ್ರ ಹೇಳಲೇಬೇಕು. ನೀರಿಗೆ ಜಗ್ಗಲ್ಲ, ಹರಿಯಲ್ಲ. ಒಂದೇ ಆದರೆ ಬಳುಕುತ್ತದೆ, ಮೂರು ನಾಲ್ಕು ಜೋಡಿಸಿ ಟೇಪ್ ಸುತ್ತಿದರೆ ಸಣ್ಣ ಪೌಚಿಗೆ ಸಾಕು. ಮನೆಯಲ್ಲಿ ಮಾವನವರ ಮಂಡಿಯ ಫಿಲ್ಮುಗಳು ಒಂದು ಕವರ್ ತುಂಬ ಇದ್ದವು. ಅವರ ಒಪ್ಪಿಗೆ ಪಡೆದೇ ಕತ್ತರಿಸಿದೆ. ಪೌಚ್ ಕೊಂಡ ಹುಡುಗಿ ಒಗೆಯಲು ತಳ ಹೊರಗೆ ತೆಗೆದು ಬೆಳಕಿಗೆ ಹಿಡಿದಳಂತೆ. "ಆಂಟೀ, ನಿಮ್ಮ ಚೀಲದಲ್ಲಿ ಯಾರದ್ದೋ ಮೂಳೆ ಇದೆ" ಅಂತ ಫೋನ್. ಅಂದಿನಿಂದ ಫಿಲ್ಮ್ ಹಾಕುವುದು ಬಿಟ್ಟೆ. ಹಾಕಲೇಬೇಕು ಅಂದರೆ ಬಟ್ಟೆಯ ಕವರನ್ನು ಪೂರ್ತಿ ಹೊಲಿದುಬಿಡಿ!

ಕೊನೆಗೆ ನಿಂತಿದ್ದು ಸನ್‌ಪ್ಯಾಕ್ ಶೀಟಿಗೆ. ಕರೆಂಟ್ ಕಂಬಕ್ಕೆ ಟ್ಯೂಷನ್ ಕ್ಲಾಸಿನ ಬೋರ್ಡು ಕಟ್ಟಿರುತ್ತಾರಲ್ಲ, ಅದೇ ಪ್ಲಾಸ್ಟಿಕ್ ಶೀಟು. ರಟ್ಟಿನ ಹಾಗೇ ಒಳಗೆ ಟೊಳ್ಳು, ಉದ್ದುದ್ದ ಕೊಳವೆಗಳ ಸಾಲು. ಶಿವಮೊಗ್ಗಕ್ಕೆ ಬಟ್ಟೆ ತರಲು ಗಾಂಧಿ ಬಜಾರಿಗೆ ಹೋದಾಗ ಒಂದು ಬೋರ್ಡ್ ಬರೆಯುವ ಅಂಗಡಿಯ ಮೂಲೆಯಲ್ಲಿ ತುಂಡುಗಳ ರಾಶಿ ಕಂಡಿತು. ಕೇಳಿದೆ. "ತಗೊಂಡು ಹೋಗಿ ಅಕ್ಕಾ, ಜಾಗ ಖಾಲಿ ಆಗ್ಲಿ" ಅಂದರು. ಎರಡನೇ ಸಲ ಹೋದಾಗ ಪುಕ್ಕಟೆ ಇರಲಿಲ್ಲ, ಅದು ಬೇರೆ. ಕಂಬಕ್ಕೆ ಕಟ್ಟಿದ್ದನ್ನು ಬಿಚ್ಚಿ ತರಬೇಡಿ, ಅಂಗಡಿಯ ತುಂಡೇ ಸಾಕು.

ಇಟ್ಟಿಗೆ ಪರೀಕ್ಷೆಯಲ್ಲಿ 3 ಮಿಲಿಮೀಟರಿನದು ಒಂದು ಬೆರಳು ದಪ್ಪ ಬಗ್ಗಿತು. 5 ಮಿಲಿಮೀಟರಿನದು ಅದರ ಕಾಲುಭಾಗ ಇರಬಹುದು. 3ರದ್ದೇ ಎರಡು ಜೋಡಿಸಿದರೂ 5ರ ಒಂದಕ್ಕೆ ಸಮ ಆಗಲಿಲ್ಲ, ಸುಮ್ನೆ ಖರ್ಚು. ಒಣ ರಟ್ಟಿಗೆ ಹೋಲಿಸಿದರೆ ಎರಡೂ ಸೋತವು ಅನ್ನಿ. ಆದರೆ ಒದ್ದೆ ಗೋಣಿಯ ಮೇಲೆ ರಾತ್ರಿ ಕಳೆದ ಮೇಲೂ ಲೆಕ್ಕ ಬದಲಾಗಲಿಲ್ಲ. ನನಗೆ ಬೇಕಾಗಿದ್ದು ಅದೇ. ಈಗ ಟಿಫಿನ್ ಚೀಲಕ್ಕೆ 3, ಸಂತೆ ಚೀಲಕ್ಕೆ 5.

ಇದರಲ್ಲೂ ಕಿರಿಕಿರಿ ಇಲ್ಲದಿಲ್ಲ. ಕತ್ತರಿಸಿದ ಅಂಚು ಚೂಪು, ಮೂಲೆಯಂತೂ ಬಟ್ಟೆಯನ್ನು ತಿಂದೇ ಹಾಕುತ್ತದೆ. 2 ರೂಪಾಯಿ ನಾಣ್ಯ ಮೂಲೆಗೆ ಇಟ್ಟು ಗೆರೆ ಎಳೆದು, ಗುಂಡಗೆ ಕತ್ತರಿಸಿ, ಸಣ್ಣ ತರಿಯನ್ನು ನೇಲ್ ಕಟರಿನಲ್ಲಿ ತೆಗೆಯುತ್ತೇನೆ. ನಗಬೇಡಿ, ಕತ್ತರಿಗಿಂತ ಚೆನ್ನಾಗಿ ಬರುತ್ತದೆ. ಕೊಳವೆಗಳ ಬಾಯಿ ತೆರೆದಿದ್ದರೆ ಒಗೆದ ನೀರು ಒಳಗೆ ನಿಂತು ದಿನಗಟ್ಟಲೆ ತೊಟ್ಟಿಕ್ಕುತ್ತದೆ, ಅದಕ್ಕೆ ಸುತ್ತ ಟೇಪು. ಫೆವಿಕಾಲ್ ಈ ಪ್ಲಾಸ್ಟಿಕ್ಕಿಗೆ ಹಿಡಿಯಲ್ಲ, ಒಣಗಿದ ಮೇಲೆ ಸಿಪ್ಪೆ ಹಾಗೆ ಎದ್ದು ಬರುತ್ತದೆ. ಇನ್ನು ಇಸ್ತ್ರಿ. ತಳ ಒಳಗೇ ಇಟ್ಟು ಕಾಟನ್ ಬಿಸಿಯಲ್ಲಿ ಒಂದು ಸಲ ಉಜ್ಜಿದ್ದೆ. ಶೀಟು ಕುಗ್ಗಿ ಹಪ್ಪಳದ ಹಾಗಾಯಿತು. ಆ ಚೀಲ ಈಗ ನಮ್ಮ ಮನೆಯ ಈರುಳ್ಳಿ ಚೀಲ.

ಅಳತೆಯಲ್ಲಿ ತುಂಬ ಜನ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎರಡು ಪಕ್ಕ, ಅಡಿ ಹೊಲಿದ ಮೇಲೆ ನನ್ನ ಸಂತೆ ಚೀಲದ ಅಗಲ 18 ಇಂಚು. ಅಡಿಯ ಮೂಲೆಯನ್ನು ಚಿಟಿಕೆ ಹಿಡಿದು ಎಳೆದರೆ ಪಕ್ಕದ ಹೊಲಿಗೆ ಮತ್ತು ಅಡಿಯ ಹೊಲಿಗೆ ಒಂದರ ಮೇಲೊಂದು ಕೂತು ತ್ರಿಕೋನ ಆಗುತ್ತದೆ. ತುದಿಯಿಂದ ಎರಡೂವರೆ ಇಂಚು ಒಳಗೆ ಅಡ್ಡ ಹೊಲಿಗೆ ಹಾಕಿದರೆ ಆ ಹೊಲಿಗೆಯ ಉದ್ದ 5 ಇಂಚು. ಅದೇ ತಳದ ಅಗಲ. ತಳದ ಉದ್ದ 18ರಲ್ಲಿ 5 ಕಳೆದು 13. ಹಾಗಂತ 13ಕ್ಕೆ 5 ಶೀಟು ಕತ್ತರಿಸಿದರೆ ಒಳಗೆ ಕೂರಲ್ಲ, ಬಲವಂತ ಮಾಡಿದರೆ ಮೂಲೆಯ ಹೊಲಿಗೆ ಬಾಯಿ ಬಿಡುತ್ತದೆ. ಕಾಲು ಇಂಚು ಕಮ್ಮಿ ಮಾಡಿ: ಹನ್ನೆರಡೂಮುಕ್ಕಾಲಿಗೆ ನಾಲ್ಕೂಮುಕ್ಕಾಲು. ಕೊಳವೆ ಉದ್ದಕ್ಕೆ. 8 ಅಡಿಗೆ 4 ಅಡಿಯ ಪೂರ್ತಿ ಶೀಟು ತಂದಾಗ ಕೊಳವೆ 8 ಅಡಿಯ ಕಡೆಗೆ ಓಡುತ್ತಿದ್ದರೆ ಈ ಅಳತೆಯ 70 ತಳ ಬರುತ್ತವೆ. ಒಂದಕ್ಕೆ ಬಿದ್ದ ಖರ್ಚು 10 ರೂಪಾಯಿಯ ಒಳಗೇ.

ಶೀಟಿಗೆ ದಿಂಬಿನ ಕವರ್ ಥರ ಒಂದು ಬಟ್ಟೆಯ ಕವರ್. ಒಂದು ತುದಿ ತೆರೆದು, ಒಳಕ್ಕೆ ಮಡಚುವಷ್ಟು ಬಟ್ಟೆ ಉಳಿಸುತ್ತೇನೆ. ಲೈನಿಂಗಿನ ತುಂಡೇ ಆದರೆ ಒಳಗೆ ಇರುವುದೇ ಗೊತ್ತಾಗಲ್ಲ. ಅದನ್ನು ಚೀಲಕ್ಕೆ ಹೊಲಿಯುವುದಿಲ್ಲ. ಸುಮ್ನೆ ತಳದಲ್ಲಿ ಕೂರಿಸುವುದು. ಚೀಲ ತುಂಬಿದಾಗ ಸಾಮಾನಿನ ಭಾರಕ್ಕೆ ತಾನೇ ಕೂತಿರುತ್ತದೆ.

ರಟ್ಟನ್ನು ಪೂರ್ತಿ ಬಿಟ್ಟೆನಾ ಅಂದರೆ ಇಲ್ಲ. ಕಳೆದ ವೈಶಾಖದಲ್ಲಿ ಒಂದು ಮದುವೆಗೆ 150 ತಾಂಬೂಲದ ಚೀಲ ಬೇಕು ಅಂದರು, ಖಣದ ಬಟ್ಟೆಯದು. ತಾಂಬೂಲ ಅಂದಮೇಲೆ ತೆಂಗಿನಕಾಯಿ ಇರಲೇಬೇಕು. ತೆಂಗಿನಕಾಯಿ ಗುಂಡಗೆ, ಮೆತ್ತನೆ ತಳ ಆದರೆ ನಡುವಿಗೆ ಜಾರಿ ಚೀಲ ಜೋಳಿಗೆ ಹಾಗೆ ಆಗುತ್ತದೆ. ಆದರೆ ಚೀಲಕ್ಕೆ ಅವರು ಕೊಡುವ ದುಡ್ಡಿನಲ್ಲಿ ಸನ್‌ಪ್ಯಾಕಿಗೆ ಜಾಗ ಇರಲಿಲ್ಲ. ಅಲ್ಲಿ ರಟ್ಟೇ ಸರಿ. ಒಣಗಿದ ರಟ್ಟಿನ ತುಂಡನ್ನು ತೊಳೆದು ಒಣಗಿಸಿದ ನಂದಿನಿ ಹಾಲಿನ ಪ್ಯಾಕೆಟ್ ಬಿಚ್ಚಿ ಸುತ್ತಿ, ಟೇಪ್ ಹಾಕಿದೆ. ಬೀದಿಯ ನಾಲ್ಕು ಮನೆಯವರು ಒಂದು ತಿಂಗಳು ಪ್ಯಾಕೆಟ್ ಎತ್ತಿಟ್ಟು ಕೊಟ್ಟರು. ಒಂದೇ ಎಚ್ಚರಿಕೆ. ಸುತ್ತುವ ಮುಂಚೆ ರಟ್ಟು ಬಿಸಿಲಿಗೆ ಚೆನ್ನಾಗಿ ಕಾದಿರಬೇಕು. ಒಳಗೆ ಸ್ವಲ್ಪ ಪಸೆ ಇದ್ದರೂ ಪ್ಲಾಸ್ಟಿಕ್ ಅದನ್ನು ಹೊರಗೆ ಬಿಡಲ್ಲ, ಬೂಷ್ಟು ಒಳಗೇ ಸಂಸಾರ ಹೂಡುತ್ತದೆ. ಈ ತಳ ಹನಿ ಮಳೆ ತಡೆದೀತು, ಬಸ್ಸಿನ ನೆಲ ತಡೆಯಲ್ಲ. ಮದುವೆ ಮನೆಯವರಿಗೆ ಹಾಗಂತ ಮೊದಲೇ ಹೇಳಿಯೇ ಕೊಟ್ಟೆ.

ಟೀಚರಿಗೆ ಹೊಸ ಚೀಲ ಹೊಲಿದುಕೊಟ್ಟಿದ್ದೆ, ದುಡ್ಡು ತಗೊಳ್ಳಲಿಲ್ಲ. ಮೂರು ಮಳೆಗಾಲ ಆಯಿತು. ಮೊನ್ನೆ ಮನೆಗೆ ಬಂದರು, ಕೈಯಲ್ಲಿ ಚೀಲ ಇರಲಿಲ್ಲ. ಎದೆ ಧಸಕ್ಕೆಂದಿತು. "ಚೀಲ ಚೆನ್ನಾಗೇ ಇದೆ. ಒಗೆಯೋವಾಗ ತಳ ತೆಗೆದು ಕಟ್ಟೆ ಮೇಲೆ ಇಟ್ಟಿದ್ದೆ, ನಮ್ಮನೆ ನಾಯಿ ಕಚ್ಚಿಕೊಂಡು ಹೋಯ್ತು. ತಳ ಮಾತ್ರ ಒಂದು ಕೊಡ್ತೀರಾ?" ಅಂದರು. ಶೆಲ್ಫಿನಲ್ಲಿ ಕತ್ತರಿಸಿಟ್ಟ ಸಂತೆ ಚೀಲದ ತಳ ಇತ್ತು. 10 ರೂಪಾಯಿ ತಗೊಂಡೆ.