ಹೆಡ್‌ನ ತಪ್ಪಿಗೆ ಪಿಸ್ಟನ್‌ಗೆ ಶಿಕ್ಷೆ

ಮಂಗಳೂರಿನವರಿಗೆ ಶಿರಾಡಿ ಘಾಟಿ, ಉಡುಪಿಯವರಿಗೆ ಆಗುಂಬೆಯ 14 ತಿರುವು. ಕರಾವಳಿಯ ಕಾರುಗಳ ತಾಳ್ಮೆ ಕೆಡುವುದು ಈ ಏರುಗಳಲ್ಲೇ. ಕಾರು ತುಂಬ ಜನ, ಎಸಿ ಆನ್, ಮುಂದೆ ತೆವಳುವ ಲಾರಿ. ಟೆಂಪರೇಚರ್ ಮುಳ್ಳು ಕೆಂಪು ಮುಟ್ಟುತ್ತದೆ. ಬದಿಗೆ ನಿಲ್ಲಿಸಿ, ಬಾಟಲಿ ನೀರು ಸುರಿದು, ಮತ್ತೆ ಹೊರಡುತ್ತಾರೆ. ತಿಂಗಳುಗಳ ನಂತರ ‘ಪಿಸ್ಟನ್ ಹೋಗಿದೆ’ ಎಂದು ಗ್ಯಾರೇಜಿನವರು ಹೇಳುವಾಗ ಆ ಘಾಟಿ ಯಾರ ತಲೆಯಲ್ಲೂ ಇರುವುದಿಲ್ಲ.

ಒಳಗೆ ಏನಾಗುತ್ತದೆ?

ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಸಿಲಿಂಡರ್‌ಗಳ ಮೇಲಿನ ಮುಚ್ಚಳವೇ ಸಿಲಿಂಡರ್ ಹೆಡ್. ಅದು ಈಗ ಹೆಚ್ಚಾಗಿ ಅಲ್ಯೂಮಿನಿಯಂನದ್ದು. ಬಿಸಿಗೆ ಅದು ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿಯಾಗಿ ಹಿಡಿದಿರುವುದರಿಂದ ಹಿಗ್ಗಲು ಜಾಗವಿಲ್ಲ, ಹಾಗಾಗಿ ಹೆಡ್ ಬಾಗುತ್ತದೆ. ಹೆಡ್‌ಗೂ ಸಿಲಿಂಡರ್‌ಗಳಿಗೂ ನಡುವೆ ಸಂದು ಮುಚ್ಚುವ ತೆಳು ಗ್ಯಾಸ್ಕೆಟ್ ಜಜ್ಜಿಹೋಗಿ, ತಣಿದ ಮೇಲೆ ಸಣ್ಣ ಸಂದು ಉಳಿಯುತ್ತದೆ. ಅಲ್ಲಿಂದ ಪಿಸ್ಟನ್‌ಗೆ ಮೂರು ದಾರಿಯಲ್ಲಿ ಕುತ್ತು.

ಮೊದಲನೆಯದು ನೀರು. ಸಂದಿನಿಂದ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಸಿಲಿಂಡರ್‌ಗೆ ಇಳಿದು ಗೋಡೆಯ ಆಯಿಲ್ ಪದರವನ್ನು ತೊಳೆಯುತ್ತದೆ. ಪಿಸ್ಟನ್ ಒಣ ಗೋಡೆಗೆ ಉಜ್ಜಿ ಗೀರು ಬೀಳುತ್ತದೆ, ಜಾಸ್ತಿಯಾದರೆ ಸೀಜ್, ಅಂದರೆ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ನೀರು ತುಂಬಿಕೊಂಡಿದ್ದರೆ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಇನ್ನೂ ಕಷ್ಟ. ಗಾಳಿಯಂತೆ ನೀರು ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಪಂಪ್‌ವೆಲ್ ಕಡೆ ನಿಂತ ನೀರಿಗೆ ಕಾರು ನುಗ್ಗಿಸಿದರೂ ಆಗುವುದು ಇದೇ, ಅಲ್ಲಿ ನೀರು ಬರುವ ದಾರಿ ಮಾತ್ರ ಬೇರೆ.

ಎರಡನೆಯದು ಬಿಸಿ. ಹೆಡ್‌ನ ನೀರಿನ ದಾರಿ ತುಕ್ಕು, ಕಲ್ಮಶದಿಂದ ಕಟ್ಟಿದರೆ ಒಂದೇ ಜಾಗ ಕೆಂಡವಾಗುತ್ತದೆ. ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ಹತ್ತಿಕೊಳ್ಳುತ್ತದೆ. ಪಿಸ್ಟನ್ ಮೇಲೇರುತ್ತಿರುವಾಗಲೇ ಮೇಲಿನಿಂದ ಏಟು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ, ಅದಕ್ಕೆ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಪಿಸ್ಟನ್ ಸುತ್ತ ರಿಂಗ್ ಕೂರುವ ಅಂಚು ಒಡೆಯುತ್ತದೆ, ಕೆಲವೊಮ್ಮೆ ಪಿಸ್ಟನ್ ತಲೆಗೇ ತೂತು. ಕಡಲಿನ ಹತ್ತಿರದ ಉಪ್ಪು ಬಾವಿನೀರನ್ನು ರೇಡಿಯೇಟರ್‌ಗೆ ಸುರಿಯುವವರು ಈ ತೊಂದರೆಯನ್ನು ಕೈಯಾರೆ ತಂದುಕೊಳ್ಳುತ್ತಾರೆ.

ಮೂರನೆಯದು ಹೆಡ್‌ನಲ್ಲಿ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್. ಅದು ಓಡಾಡುವ ಕೊಳವೆ (ಗೈಡ್) ಸವೆದು ವಾಲ್ವ್ ಸಿಕ್ಕಿಕೊಂಡರೆ ಅಥವಾ ಮುರಿದು ಬಿದ್ದರೆ ಪಿಸ್ಟನ್ ಅದಕ್ಕೆ ಗುದ್ದುತ್ತದೆ. ಅಲ್ಲಿಗೆ ಮುಗಿಯಿತು.

ಘಾಟಿಯಲ್ಲಿ ಮುಳ್ಳು ಏರಿದರೆ

ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ, ಸುರಕ್ಷಿತ ಜಾಗ ಸಿಕ್ಕ ತಕ್ಷಣ ನಿಲ್ಲಿಸಿ ಎಂಜಿನ್ ಆರಿಸಿ. ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿರುತ್ತದೆ, ತೆರೆದರೆ ಮುಖಕ್ಕೇ ಚಿಮ್ಮುತ್ತದೆ. ಕಾದ ಹೆಡ್‌ಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಪೂರ್ತಿ ತಣಿಯುವವರೆಗೆ ಸುಮ್ನೆ ಕಾಯಿರಿ. ಮುಳ್ಳು ತಾನಾಗಿ ಕೆಳಗಿಳಿದರೆ ಖುಷಿಪಡಬೇಡಿ. ನೀರೆಲ್ಲ ಹೋಗಿ ಸೆನ್ಸರ್ ಗಾಳಿಯಲ್ಲಿದ್ದರೂ ಮೀಟರ್ ಕಡಿಮೆ ತೋರಿಸುತ್ತದೆ.

ಮನೆಯಲ್ಲಿ ನೋಡಬೇಕಾದ್ದು

ಹೊರಗೆ ಎಲ್ಲೂ ಸೋರಿಕೆ ಇಲ್ಲ, ಆದರೂ ಕೂಲೆಂಟ್ ಕಡಿಮೆಯಾಗುತ್ತಿದೆ ಅಂದರೆ ಅನುಮಾನ ಶುರುವಾಗಲಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಇನ್ನೊಂದು ಗುರುತು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್‌ನ ಮೇಲಿನ ಹೋಸ್ ಗಟ್ಟಿಯಾಗುವುದು, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಏಳುವುದು ಕೂಡ ಹಾಗೇ. ಆಯಿಲ್ ಮುಚ್ಚಳದ ಕೆಳಗೆ ಹಾಲು ಬೆರೆತ ಕಾಫಿ ಬಣ್ಣದ ಲೋಳೆ ಕಂಡರೂ ಗಮನಿಸಿ. ಆದರೆ ನಮ್ಮೂರಿನ ಜೂನ್-ಜುಲೈ ತೇವದಲ್ಲಿ, ದಿನವೂ ಸ್ವಲ್ಪ ದೂರ ಮಾತ್ರ ಓಡುವ ಕಾರಿನಲ್ಲಿ ಅದು ಬರೀ ಗಾಳಿಯ ತೇವವೂ ಆಗಿರಬಹುದು. ಡಿಪ್‌ಸ್ಟಿಕ್ ತೆಗೆದು ನೋಡಿ. ಅಲ್ಲೂ ಅದೇ ಬಣ್ಣವಿದ್ದರೆ ಕಾರು ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.

ಗ್ಯಾರೇಜಿನಲ್ಲಿ

ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ ಸಾಲಾಗಿಡಲು ಹೇಳಿ. ಒಂದು ಮಾತ್ರ ಹಬೆಯಲ್ಲಿ ತೊಳೆದಂತೆ ಬೆಳ್ಳಗಿದ್ದರೆ ನೀರು ಇಳಿಯುತ್ತಿರುವುದು ಬಹುಶಃ ಅದೇ ಸಿಲಿಂಡರ್‌ಗೆ. ನಂತರ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುವುದು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಕಡಿಮೆ ತೋರಿಸಿದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಹೆಡ್ ಬಿಚ್ಚಿದ ಮೇಲೆ ‘ಗ್ಯಾಸ್ಕೆಟ್ ಹಾಕಿದ್ರೆ ಸಾಕು’ ಅಂದರೆ ಒಪ್ಪಬೇಡಿ. ನನ್ನ ಪ್ರಕಾರ ದುಡ್ಡು ಹಾಳಾಗುವುದು ಈ ಒಂದು ಮಾತಿಗೇ. ಹೆಡ್ ಮೇಲೆ ನೇರ ಪಟ್ಟಿ (ಸ್ಟ್ರೇಟ್ ಎಡ್ಜ್) ಇಟ್ಟು, ಸಂದಿನಲ್ಲಿ ತೆಳು ಅಳತೆ ತಗಡು (ಫೀಲರ್ ಗೇಜ್) ತೂರಿಸಿ, ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಅಳೆಯಬೇಕು. ಬಹಳಷ್ಟು ಕಾರುಗಳಲ್ಲಿ ಬಾಗಿನ ಮಿತಿ 0.05 ಮಿ.ಮೀ. ಆಸುಪಾಸು, ನಿಮ್ಮ ಎಂಜಿನ್ನಿನದ್ದು ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಮಿತಿ ದಾಟಿದ್ದರೆ ಫೇಸಿಂಗ್ (ಹೆಡ್‌ನ ತಳ ಕೆರೆದು ಸಮ ಮಾಡುವುದು), ಬಿರುಕಿದೆಯೇ ಎಂದು ಪ್ರೆಷರ್ ಟೆಸ್ಟ್. ಫೇಸಿಂಗ್‌ನಲ್ಲೂ ಹಿಡಿತ ಬೇಕು. ಜಾಸ್ತಿ ಕೆರೆದರೆ ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಕಡಿಮೆಯಾಗುತ್ತದೆ. ಕೆಲವು ಡೀಸೆಲ್ ಹೆಡ್‌ಗಳನ್ನು ಕೆರೆಯುವಂತೆಯೇ ಇಲ್ಲ.

ಹೆಡ್ ಲೇಥ್‌ಗೆ ಹೋದಾಗ ಪಿಸ್ಟನ್‌ಗಳು ಕಣ್ಣೆದುರೇ ಇರುತ್ತವೆ. ಟಾರ್ಚ್ ಹಾಕಿ ನೋಡಿ. ಗೋಡೆಯ ಉದ್ದ ಗೀರಿಗೆ ಉಗುರು ಸಿಕ್ಕಿಕೊಂಡರೆ ರಿಂಗ್, ಬೋರ್ (ಸಿಲಿಂಡರ್‌ನ ಒಳ ಅಗಲ) ಎರಡನ್ನೂ ಅಳೆಯಲೇಬೇಕು. ಈಗ ಬಿಟ್ಟರೆ ಮತ್ತೆ ಹೆಡ್ ಬಿಚ್ಚುವ ಖರ್ಚು ಬೇರೆ.

ಜೋಡಿಸುವಾಗ ಬೋಲ್ಟ್ ತೂತುಗಳಲ್ಲಿ ಆಯಿಲ್, ನೀರು ನಿಂತಿರಬಾರದು. ಟಾರ್ಕ್ ರೆಂಚ್‌ನಲ್ಲಿ, ಮ್ಯಾನುಯಲ್‌ನ ಕ್ರಮದಲ್ಲಿ, ಸಾಮಾನ್ಯವಾಗಿ ಮಧ್ಯದಿಂದ ಹೊರಗೆ, ಹಂತ ಹಂತವಾಗಿ ಬಿಗಿಯಬೇಕು. ಬಿಗಿದಾಗ ಒಮ್ಮೆ ಎಳೆದುಕೊಂಡು ಮತ್ತೆ ಮೊದಲಿನಂತಾಗದ ಬೋಲ್ಟ್‌ಗಳಾದರೆ ಹೊಸದೇ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಬಿಸಿಯಾದದ್ದು ಯಾಕೆ ಎಂದು ಹುಡುಕಿಸಿ: ಥರ್ಮೋಸ್ಟಾಟ್, ಫ್ಯಾನ್, ವಾಟರ್ ಪಂಪ್, ಕಟ್ಟಿದ ರೇಡಿಯೇಟರ್. ಕೂಲೆಂಟ್ ತುಂಬಿ ಗಾಳಿ ಪೂರ್ತಿ ಹೊರಗೆ ತೆಗೆಸಿದ ಮೇಲೆ ಊರೊಳಗೇ ಓಡಿಸಿ, ತಣಿದಾಗ ಮಟ್ಟ ನೋಡುತ್ತಿರಿ. ಇಳಿಯದಿದ್ದರೆ ಶಿರಾಡಿ ಹತ್ತಬಹುದು.