ಟರ್ಬೊ ಕೆಳಗೆ ಆಯಿಲ್ ಲೀಕ್, ಟರ್ಬೊ ಬದಲಾಯಿಸದೇ ಸರಿಹೋಯ್ತು

ನಮ್ಮ ಡೀಸೆಲ್ ಪಿಕಪ್‌ನ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಫ್ಯಾನ್) ಸುತ್ತ ಆಯಿಲ್ ಜಿಡ್ಡು ಕೂತಿತ್ತು, ಗ್ಯಾರೇಜಲ್ಲಿ ತೋರಿಸಿದ್ರೆ ನೋಡಿದ ತಕ್ಷಣ ಟರ್ಬೊ ಹೋಗಿದೆ ಹೊಸದು ಹಾಕ್ಸಿ ಅಂದ್ರು. ಅಷ್ಟು ದುಡ್ಡು ಸುರಿಯೋಕೆ ಮುಂಚೆ ನಾವೇ ನೋಡೋಣ ಅಂತ ಇಂಜಿನ್ ತಣ್ಣಗಾದ್ಮೇಲೆ ಏರ್ ಹೋಸ್ ಬಿಚ್ಚಿ ಟರ್ಬೊ ಒಳಗಿನ ಶಾಫ್ಟ್ ಹಿಡಿದು ಅಲ್ಲಾಡಿಸ್ದೆ, ಅಡ್ಡಕ್ಕೆ ಒಂಚೂರು ಆಡೋದು ಮಾಮೂಲಿ, ಹಿಂದಕ್ಕೆ ಮುಂದಕ್ಕೆ ಎಳೆದಾಗ ಆಡಿದ್ರೆ ಕಷ್ಟ, ಇದು ಆಡ್ಲಿಲ್ಲ, ಬ್ಲೇಡೂ ಎಲ್ಲೂ ಉಜ್ಜಿರ್ಲಿಲ್ಲ. ಹೋಸ್ ಒಳಗೆ ತೆಳ್ಳಗೆ ಆಯಿಲ್ ಪಸೆ ಇದ್ರೆ ಹೆದರ್ಬೇಡಿ, ಅದು ಇಂಜಿನ್ ಒಳಗಿನ ಗ್ಯಾಸ್ ಹೊರಗೆ ಬಿಡೋ ಬ್ರೀದರ್‌ನಿಂದ ಬರೋದು.

ಆಮೇಲೆ ಹೊರಗೆಲ್ಲಾ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ಪೂರ್ತಿ ಒಣಗಿದ್ಮೇಲೆ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿ, ಗಾಡಿ ಸ್ಟಾರ್ಟ್ ಮಾಡಿ ಟಾರ್ಚ್ ಬಿಟ್ಕೊಂಡು ಕೂತೆ. ಮೇಲಿನ ಆಯಿಲ್ ಪೈಪ್‌ನ ಬ್ಯಾಂಜೊ ಬೋಲ್ಟ್ (ಆಯಿಲ್ ಒಳಗೇ ಹರಿಯೋ ತೂತಿನ ಬೋಲ್ಟ್) ಒಣಗೇ ಇತ್ತು, ಕೆಳಗಿನ ರಿಟರ್ನ್ ಪೈಪ್ ಗ್ಯಾಸ್ಕೆಟ್ ಹತ್ರ ಪೌಡರ್ ಒದ್ದೆಯಾಗಿ ಕಪ್ಪು ಗೆರೆ ಇಳೀತು. ಬರೀ ಗ್ಯಾಸ್ಕೆಟ್ ಹಾಕಿ ಸುಮ್ನಾದ್ರೆ ಆಗಲ್ಲ ಆದ್ರೆ. ಟರ್ಬೊದಿಂದ ಆಯಿಲ್ ತಾನಾಗೇ ಇಳಿದು ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಸಂಪ್‌ಗೆ ಹೋಗ್ಬೇಕು, ಹಿಂದಿಂದ ತಳ್ಳೋ ಪ್ರೆಶರ್ ಇರಲ್ಲ, ಇಂಜಿನ್ ಕೆಳಭಾಗದ ಕ್ರ್ಯಾಂಕ್‌ಕೇಸಲ್ಲಿ ಗ್ಯಾಸ್ ಕಟ್ಕೊಂಡ್ರೆ ಆಯಿಲ್ ಅಲ್ಲೇ ನಿಂತು ಸಂದು ಸಿಕ್ಕ ಕಡೆ ಹೊರಗೆ ಬರುತ್ತೆ. ಬ್ರೀದರ್ ಪೈಪ್ ಬಿಚ್ಚಿದ್ರೆ ಒಳಗೆ ಮಡ್ಡಿ ಗಟ್ಟಿಯಾಗಿ ಕೂತು ಗಾಳಿ ಹೋಗೋಕೇ ಜಾಗ ಇಲ್ಲ! ಡೀಸೆಲಲ್ಲಿ ನೆನೆಸಿ ತೊಳೆದು, ರಿಟರ್ನ್ ಪೈಪೂ ಕ್ಲೀನ್ ಮಾಡಿ ಹೊಸ ಗ್ಯಾಸ್ಕೆಟ್ ಹಾಕ್ದೆ. ಘಾಟ್ ಹತ್ತಿಸಿ ಬಂದ್ಮೇಲೂ ಟರ್ಬೊ ಕೆಳಗೆ ಒಂದು ಹನಿ ಇಲ್ಲ.