ಪೆನ್ಸಿಲ್‌ನಲ್ಲಿ ಬರೆದ ತಪ್ಪುಗಳು

ಬಾಹ್ಯಾಕಾಶ ನೌಕೆಗಳ ಕಥೆ ಹೇಳುವ ಅಮೆರಿಕದ ಟಿವಿ ಸರಣಿ 'ಸ್ಟಾರ್ ಟ್ರೆಕ್'ನ ಪ್ರತಿ ಕಂತನ್ನೂ ನಾನು ಎರಡು ಸಲ ನೋಡುತ್ತೇನೆ. ಮೊದಲ ಸಲ ಕಥೆಗಾಗಿ. ಎರಡನೆಯ ಸಲ ನೋಟ್‌ಬುಕ್ ಹಿಡಿದು ಕೂರುತ್ತೇನೆ. ವಿಜ್ಞಾನವೋ ಕಥೆಯ ಹೊಂದಾಣಿಕೆಯೋ ತಪ್ಪಿದೆ ಎಂದು ಅನುಮಾನ ಬಂದ ಕಡೆ ನಿಲ್ಲಿಸಿ, ಕಂತಿನ ಹೆಸರು, ನಿಮಿಷ, ಪಾತ್ರ ಆಡಿದ ಮಾತು ಇವನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಮಾತನ್ನು ಕೇಳಿ ಕೇಳಿ ಅಕ್ಷರಶಃ ಬರೆಯಬೇಕು. ನೆನಪಿನಿಂದ ಬರೆದರೆ ಅದು ಪಾತ್ರದ ಮಾತಾಗಿ ಉಳಿಯುವುದಿಲ್ಲ. ಪರಿಶೀಲಿಸಿದ ಮೇಲೆ ತಪ್ಪು ಖಚಿತವಾದರೆ ಮಾತ್ರ ಅದರ ಮೇಲೆ ಪೆನ್ನು ಆಡಿಸುತ್ತೇನೆ.

ಆ ಪರಿಶೀಲನೆ ಎಷ್ಟು ಮುಖ್ಯ ಎಂದು ನನಗೆ ಮನದಟ್ಟಾದದ್ದು ಮೂಲ ಸರಣಿಯ ನಂತರ ಬಂದ 'ನೆಕ್ಸ್ಟ್ ಜನರೇಷನ್' ಸರಣಿಯ 'ದಿ ರೋಯಾಲ್' ಕಂತಿನಿಂದ. 1989ರಲ್ಲಿ ಪ್ರಸಾರವಾದ ಈ ಕಂತಿನಲ್ಲಿ ಒಂದು ಗ್ರಹದ ಮೇಲ್ಮೈ ಉಷ್ಣತೆ ಮೈನಸ್ 291 ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ. ನಿರಪೇಕ್ಷ ಶೂನ್ಯವೇ ಮೈನಸ್ 273.15. ವಸ್ತುವಿನಿಂದ ಹೊರತೆಗೆಯಲು ಶಾಖವೇ ಉಳಿಯದ ಮಟ್ಟ ಅದು. ಅದಕ್ಕಿಂತ ತಣ್ಣಗಿನ ಗ್ರಹ ಇರಲಾರದು. ಶಾಲೆಯ ಪುಸ್ತಕ ತೆರೆದಿದ್ದರೂ ಇದು ಸಿಗುತ್ತಿತ್ತು. ಅದೇ ಕಂತಿನಲ್ಲಿ ಕ್ಯಾಪ್ಟನ್ ಪಿಕಾರ್ಡ್, ಗಣಿತದ ಹಳೆಯ ಒಗಟಾದ ಫರ್ಮಾನ ಕೊನೆಯ ಪ್ರಮೇಯ 24ನೆಯ ಶತಮಾನದಲ್ಲೂ ಬಿಡಿಸಲಾಗದೆ ಉಳಿದಿದೆ ಎಂಬಂತೆ ಮಾತನಾಡುತ್ತಾನೆ. ಎರಡನ್ನೂ ಒಂದೇ ಪುಟದಲ್ಲಿ ಬರೆದೆ. ಆಮೇಲೆ ಇಸವಿಗಳನ್ನು ನೋಡಿದೆ. ಗಣಿತಜ್ಞ ಆಂಡ್ರೂ ವೈಲ್ಸ್ ಆ ಪ್ರಮೇಯಕ್ಕೆ ತಾನು ಕೊಟ್ಟ ಪುರಾವೆಯಲ್ಲಿದ್ದ ಕೊರತೆಯನ್ನು ತುಂಬಿದ್ದು 1994ರಲ್ಲಿ, ಅದು ಪ್ರಕಟವಾದದ್ದು 1995ರಲ್ಲಿ. ಸಂಭಾಷಣೆ ಬರೆದಾಗ ಆ ಪ್ರಮೇಯ ನಿಜಕ್ಕೂ ಬಗೆಹರಿದಿರಲಿಲ್ಲ. ಅದನ್ನು ತಪ್ಪು ಎನ್ನುವುದು ಅನ್ಯಾಯ, ಅಳಿಸಿದೆ. ಇನ್ನೊಂದು 'ಸ್ಟಾರ್ ಟ್ರೆಕ್' ಸರಣಿಯಾದ 'ಡೀಪ್ ಸ್ಪೇಸ್ ನೈನ್'ನ 1995ರ ಕಂತೊಂದರಲ್ಲಿ ವೈಲ್ಸ್ ಹೆಸರನ್ನೇ ತಂದು ಬರಹಗಾರರು ಆ ಹಳೆಯ ಮಾತನ್ನು ಸರಿಪಡಿಸಿದ್ದು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕಥೆಯ ಹೊಂದಾಣಿಕೆಯ ವಿಷಯದಲ್ಲಿ ಇಸವಿಯ ಜೊತೆಗೆ ಚಿತ್ರೀಕರಣದ ಕ್ರಮವನ್ನೂ ನೋಡಬೇಕು. 1966ರಲ್ಲಿ ಮೂಲ ಸರಣಿಯ ಮೂರನೆಯ ವಾರ ಬಂದ ಕಂತಿನಲ್ಲಿ ಸಮವಸ್ತ್ರ ಬೇರೆ, ವೈದ್ಯ ಬೇರೆ. ಅದು ಹಿಂದಿನ ವರ್ಷವೇ ಪೈಲಟ್, ಅಂದರೆ ಪರೀಕ್ಷಾರ್ಥ ಕಂತು, ಆಗಿ ಚಿತ್ರೀಕರಣಗೊಂಡಿತ್ತು ಎಂದು ತಿಳಿದರೆ ಈ ಎರಡು ಆಕ್ಷೇಪಗಳೂ ಬಿದ್ದುಹೋಗುತ್ತವೆ. ಅದೇ ಕಂತಿನಲ್ಲಿ ಸಮಾಧಿಗಲ್ಲಿನ ಮೇಲೆ ಕಾಣುವ ನೌಕೆಯ ಕ್ಯಾಪ್ಟನ್‌ನ ಹೆಸರು 'ಜೇಮ್ಸ್ ಆರ್. ಕರ್ಕ್' ಮಾತ್ರ ಹಾಗಲ್ಲ. ಮುಂದೆ ಸರಣಿಯುದ್ದಕ್ಕೂ ಆತ ಜೇಮ್ಸ್ ಟಿ. ಕರ್ಕ್. ಕಾರಣ ಅರ್ಥವಾಗುತ್ತದೆ, ಆದರೆ ಕಥೆಯೊಳಗೆ ಅದಕ್ಕೆ ಜಾಗವಿಲ್ಲ. ಪೆನ್ನು.

ಮತ್ತೊಂದು ಸರಣಿ 'ವಾಯೇಜರ್' ನೋಡುವಾಗ ಎಣಿಕೆಯ ಕೆಲಸ. ಮೊದಲ ಸೀಸನ್‌ನಲ್ಲೇ ನೌಕೆಯಲ್ಲಿರುವುದು 38 ಟಾರ್ಪೆಡೊ, ಮುಗಿದರೆ ಬೇರೆ ತರುವ ದಾರಿಯಿಲ್ಲ ಎಂದು ಹೇಳಿಬಿಡುತ್ತಾರೆ. ಹಾರಿಸಿದ ಪ್ರತಿಯೊಂದಕ್ಕೂ ಅಂಚಿನಲ್ಲಿ ಒಂದು ಗೀಟು ಎಳೆದೆ. ಸರಣಿ ಮುಗಿಯುವ ಮೊದಲೇ ಗೀಟುಗಳು 38 ದಾಟಿದವು. ನಡುವೆ ಎಲ್ಲೋ ತಯಾರಿಸಿಕೊಂಡಿರಬಹುದು ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ದಾರಿಯಿಲ್ಲ ಎಂದವರು ಅವರೇ.

ಪೆನ್ನು ಆಡಿಸಲು ಕೈ ಬಾರದ ಸಾಲೊಂದಿದೆ. 1982ರ 'ಸ್ಟಾರ್ ಟ್ರೆಕ್' ಚಲನಚಿತ್ರದಲ್ಲಿ ಖಳನಾಯಕ ಖಾನ್, ಕರ್ಕ್‌ನ ನೌಕೆಯಲ್ಲಿದ್ದ ಚೆಕೊವ್‌ನ ಮುಖವನ್ನು ಗುರುತಿಸುತ್ತಾನೆ. ಮೂಲ ಸರಣಿಯಲ್ಲಿ ಖಾನ್ ಬಂದ ಕಂತು 1967ರ ಫೆಬ್ರವರಿಯದು. ಚೆಕೊವ್ ಪರದೆಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಆದರೆ ಆಗ ಅವನು ನೌಕೆಯಲ್ಲಿರಲಿಲ್ಲ ಎಂದು ಯಾವ ಪಾತ್ರವೂ ಹೇಳಿಲ್ಲ. ಆ ಸಾಲು ಇನ್ನೂ ಪೆನ್ಸಿಲ್‌ನಲ್ಲೇ ಇದೆ.